ಫೋರ್ಕು ಹುಡುಕಿದ್ದು

ಅನ್ನಪೂರ್ಣೇಶ್ವರಿಯ ದರ್ಶನಕ್ಕೆಂದು ಹೊರನಾಡಿಗೆ ಬಂದವರು ಬೆಟ್ಟ ನೋಡುತ್ತಾರೆ, ಕಾಫಿತೋಟ ನೋಡುತ್ತಾರೆ, ಊಟವನ್ನು ಹೊಗಳುತ್ತಾರೆ. ಇಲ್ಲಿ ಸೈಕಲ್ಲುಗಳು ಕಡಿಮೆ ಎಂಬುದನ್ನು ಯಾರೂ ಗಮನಿಸಿರಲಾರರು. ಕಳಸಕ್ಕೆ 8 ಕಿ.ಮೀ. ದೂರ, ಅಷ್ಟರಲ್ಲೇ ಏರು, ಇಳಿವು, ತಿರುವು ಎಲ್ಲವೂ ಉಂಟು. ಮಳೆಗಾಲದಲ್ಲಿ ಹೆಬ್ಬಾಳೆಯ ಹಳೆಯ ಸೇತುವೆಯ ಮೇಲೆ ಭದ್ರೆ ಹರಿಯುತ್ತಿದ್ದ ದಿನಗಳಲ್ಲಿ ಬಸ್ಸೇ ಬರುತ್ತಿರಲಿಲ್ಲ, ಇನ್ನು ಸೈಕಲ್ಲಿನ ಮಾತೆಲ್ಲಿ? 2006–07ರಲ್ಲಿ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಆಗ ನಮ್ಮ ಶಾಲೆಯ ಹುಡುಗಿಯರನ್ನು ಅರ್ಧ ದಾರಿ ಸೈಕಲ್ಲು ಹೊರುತ್ತಿತ್ತು, ಉಳಿದರ್ಧ ಅವರು ಸೈಕಲ್ಲನ್ನು ತಳ್ಳುತ್ತಿದ್ದರು. ಆದರೂ ಬಿಡುತ್ತಿರಲಿಲ್ಲ. ಇಳಿಜಾರಿನಲ್ಲಿ ಅವರ ಮುಖ ನೋಡಿದವರಿಗೆ ಕಾರಣ ಗೊತ್ತು.

ಇಂಥ ಊರಿನಿಂದ ನನ್ನ ತಮ್ಮನ ಮಗಳು ಸೈಕಲ್ ರೇಸಿಗೆ ಸೇರಿದಳು. ಮೈಸೂರಿಗೆ ಬಿ.ಕಾಂ. ಓದಲು ಹೋದವಳು, ಹಾಸ್ಟೆಲಿನ ಗೆಳತಿಯ ಸೈಕಲ್ ಹತ್ತಿ, ಕೊನೆಗೆ ಒಬ್ಬ ಕೋಚ್ ಕಣ್ಣಿಗೆ ಬಿದ್ದಳು. ಅವಳದು ಟೈಮ್ ಟ್ರಯಲ್ ಎಂಬ ಸ್ಪರ್ಧೆ. ಎಲ್ಲರೂ ಗುಂಪಾಗಿ ಹೊರಡುವುದಲ್ಲ; ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ, ಒಬ್ಬಳೇ ಓಡಿಸಬೇಕು, ಎದುರಾಳಿ ಗಡಿಯಾರ ಮಾತ್ರ. ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಇದು 1994ರಲ್ಲಿ, ಒಲಿಂಪಿಕ್ಸಿನಲ್ಲಿ 1996ರಲ್ಲಿ, ಹೆಂಗಸರಿಗೂ ಗಂಡಸರಿಗೂ ಒಟ್ಟಿಗೇ ಆರಂಭವಾಯಿತಂತೆ. 1989ರ ಫ್ರಾನ್ಸಿನ ದೊಡ್ಡ ರೇಸಿನಲ್ಲಿ ಮೂರು ವಾರ ಓಡಿಸಿ, ಕೊನೆಯ ದಿನದ ಟೈಮ್ ಟ್ರಯಲ್ಲಿನಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಬರೀ 8 ಸೆಕೆಂಡುಗಳಿಂದ ಗೆದ್ದದ್ದನ್ನು ಅವಳು ಹೇಳುವಾಗ ಅನ್ನದ ತಟ್ಟೆ ಆರಿಹೋಗುತ್ತಿತ್ತು.

ಸೈಕಲ್ಲು ಮಾತ್ರ ಅವಳಿಗಿಂತ ಹಳೆಯದು. ವಿದೇಶದಿಂದ ಯಾರೋ ತಂದು, ಓಡಿಸಿ, ಬಿಟ್ಟದ್ದು. ಕೋಚ್ ಮುಖಾಂತರ ಸಿಕ್ಕಿತ್ತು. ತೆಳು ಉಕ್ಕಿನ ಕೊಳವೆಗಳು, ಎತ್ತಿನ ಕೊಂಬಿನಂತೆ ಮುಂದಕ್ಕೆ ಚಾಚಿದ ಹ್ಯಾಂಡಲ್ಲು, ಎರಡೂ ಗಾಲಿ ಕೊಂಚ ಚಿಕ್ಕವು. ಹುಡುಗಿ ಗಿಡ್ಡಗಿರುವುದರಿಂದ ಹೇಳಿ ಮಾಡಿಸಿದಂತಿತ್ತು. ಹೊಸದು ಕೊಳ್ಳುವುದೆಂದರೆ ತಮ್ಮನ ಕೈಯಲ್ಲಿ ಆಗುವ ಮಾತಲ್ಲ. ಕೊಳೆರೋಗ ಬಂದ ವರ್ಷ ಅಡಿಕೆ ನೆಚ್ಚುವಂತಿಲ್ಲ, ಮನೆಯ ಮಾಡು ಬೇರೆ ರಿಪೇರಿಗಿತ್ತು.

ಜನವರಿಯ ರಜೆಗೆ ಅದನ್ನು ಮನೆಗೆ ತಂದಳು. ಕಣದಲ್ಲಿ ಕಾಫಿ ಮೂಟೆ ತುಂಬಿಕೊಂಡ ಪಿಕಪ್ಪು ಹಿಂದಕ್ಕೆ ಬರುತ್ತ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮೂತಿಯನ್ನೇ ಒತ್ತಿತು. ಗಾಲಿ ಉಳಿಯಿತು, ಫೋರ್ಕು ಬಗ್ಗಿಹೋಯಿತು. ರಾಜ್ಯ ತಂಡದ ಆಯ್ಕೆಗೆ ಇನ್ನು ಮೂರು ವಾರ.

ಫೋರ್ಕು ಹುಡುಕುತ್ತಿದ್ದೇನೆಂದು ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮ ಹಿಂದಿ ಮೇಡಂ, “ಯಾರು, ಫಾರಿನ್ ನೆಂಟರು ಬರ್ತಿದಾರಾ?” ಎಂದು ಕೇಳಿದರು. ಅದಲ್ಲ. ಮುಂದಿನ ಗಾಲಿಯನ್ನು ಎರಡು ಕಾಲುಗಳ ನಡುವೆ ಹಿಡಿದುಕೊಂಡು, ಮೇಲೆ ಒಂದೇ ಕೊಳವೆಯಾಗಿ ಹ್ಯಾಂಡಲ್ಲಿನ ಬುಡಕ್ಕೆ ಸೇರುವ ಕವಲು. ಚೈನು ತುಂಡಾದರೆ ಸೈಕಲ್ಲು ನಿಲ್ಲುತ್ತದೆ, ಟ್ಯೂಬು ಒಡೆದರೆ ತಳ್ಳಿಕೊಂಡು ಬರಬಹುದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಫೋರ್ಕು ಮುರಿದರೆ ಸವಾರಳ ಮುಖವೇ ಮೊದಲು ನೆಲಕ್ಕೆ.

ವೆಲ್ಡಿಂಗ್ ಮಾಡುವ ಪರಿಚಯದ ಹುಡುಗ ಒಳ್ಳೆಯ ಮನಸ್ಸಿನಿಂದಲೇ, “ಟೀಚರ್, ಕಾಯಿಸಿ ನೆಟ್ಟಗೆ ಮಾಡಿಕೊಡ್ತೀನಿ, ಬಣ್ಣ ಹೊಡೆದ್ರೆ ಗೊತ್ತೇ ಆಗಲ್ಲ” ಎಂದ. ಗೊತ್ತಾಗುವುದಿಲ್ಲ ಎಂಬುದೇ ನನ್ನ ಹೆದರಿಕೆ. ಒಮ್ಮೆ ಬಗ್ಗಿದ ತೆಳು ಕೊಳವೆಯನ್ನು ಕಾಯಿಸಿ ಬಡಿದರೆ ಆಕಾರ ಬಂದೀತು, ಹಿಂದಿನ ಬಲ ಬಾರದು. ಹುಡುಗಿ ಅದಕ್ಕೂ ಸಿದ್ಧಳಿದ್ದಳು. “ಒಂದೇ ಒಂದು ರೇಸು ಅತ್ತೆ, ಆಮೇಲೆ ಬದಲಾಯಿಸೋಣ.” ಇಪ್ಪತ್ತರ ವಯಸ್ಸಿಗೆ ಹಲ್ಲಿನ ಬೆಲೆ ಗೊತ್ತಿರುವುದಿಲ್ಲ. ಅವಳ ಅಮ್ಮ ಒಲೆಯ ಮುಂದಿನಿಂದ ಏಳದೆಯೇ, “ಮುರಿದದ್ದೇ ಒಳ್ಳೇದಾಯ್ತು ಬಿಡಿ ಅತ್ತಿಗೆ. ಬೆಳಗಿನ ಜಾವ ಲಾರಿಗಳ ಮಧ್ಯೆ ಓಡಿಸ್ತಾಳಂತೆ. ನಂಗೆ ಐದು ಗಂಟೆಗೆ ತಾನಾಗೇ ಎಚ್ಚರ ಆಗತ್ತೆ” ಎಂದಳು. ಅದಕ್ಕೆ ಎದುರು ಹೇಳುವ ಮಾತು ನನ್ನಲ್ಲಿರಲಿಲ್ಲ. ತಾಯಿಯ ಹೆದರಿಕೆ ಮೂಢತನವಲ್ಲ; ಆ ರಸ್ತೆಯಲ್ಲಿ ಲಾರಿಗಳು ಇರುವುದು ನಿಜವೇ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಹುಡುಗಿಯೂ ನಾನೂ ಸೈಕಲ್ಲೂ ಮೈಸೂರಿಗೆ ಹೊರಟೆವು. ಅಲ್ಲಿ ಮೂರು ಅಂಗಡಿ ತಿರುಗಿದ ಮೇಲೆ ಒಬ್ಬ ಹಿರಿಯ ಮೆಕ್ಯಾನಿಕ್ ಸಿಕ್ಕರು. ಬಗ್ಗಿದ ಫೋರ್ಕನ್ನು ಬಿಚ್ಚಿ, ಅಳತೆಯ ಇಕ್ಕಳ ಹಿಡಿದು, ನನ್ನ ಕೈಗೆ ಕಾಗದ ಕೊಟ್ಟು, “ಬರ್ಕೊಳ್ಳಿ ಮೇಡಂ” ಎಂದರು. ಮೇಲಿನ ಕೊಳವೆಯ ದಪ್ಪ 1 ಇಂಚು. ಈಗಿನ ರೇಸು ಸೈಕಲ್ಲುಗಳಿಗೆ ಅದಕ್ಕಿಂತ ದಪ್ಪದ್ದು ಬರುತ್ತದೆ, ಈ ಕತ್ತಿನೊಳಗೆ ಇಳಿಯುವುದೇ ಇಲ್ಲ. ಕೊಳವೆಯ ತುದಿಗೆ ಮರೆ ಇರಬೇಕು, ಈಗಿನವಕ್ಕೆ ಇಲ್ಲ. ಕೊಳವೆ ಗಿಡ್ಡವಾದರೆ ನಟ್ಟು ಹಿಡಿಯದು.

ಇನ್ನು ಗಾಲಿಯ ಕಥೆ. 26 ಇಂಚು ಎಂದರೆ ಒಂದೇ ಅಳತೆ ಎಂದುಕೊಂಡಿರುತ್ತೇವಲ್ಲ? ಟಯರು ಕೂರುವ ಜಾಗದ ಅಡ್ಡಳತೆ ಗುಡ್ಡದ ಸೈಕಲ್ಲಿನ 26ಕ್ಕೆ 559 ಮಿ.ಮೀ., ಸಾಧಾರಣ ಸೈಕಲ್ಲಿನ 26 × 1⅜ಕ್ಕೆ 590, ನಮ್ಮ ಹುಡುಗಿಯದಕ್ಕೆ 571! ಬಟ್ಟೆಯಂಗಡಿಯಲ್ಲಿ ರವಿಕೆಯ ಅಳತೆ ಕೂಡ ಇಷ್ಟು ಮೋಸ ಮಾಡುವುದಿಲ್ಲ. ದೊಡ್ಡ ರೇಸು ಗಾಲಿಯದು 622. ಅದರ ಫೋರ್ಕು ಹಾಕಿದರೆ ಸೈಕಲ್ಲಿನ ಮೂತಿ ಒಂದಿಂಚು ಮೇಲೇಳುತ್ತದೆ, ಬ್ರೇಕಿನ ರಬ್ಬರು ರಿಮ್ಮಿಗೆ ಮುಟ್ಟುವುದಿಲ್ಲ. “ನಾನು ಹೇಗಾದ್ರೂ ಕೂರಿಸಿ ಕೊಡಬಹುದು. ಆದ್ರೆ ಕೊಡಲ್ಲ” ಎಂದರು ಅವರು. ಆ ಮಾತಿಗೆ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಕರ್ನಾಟಕದಲ್ಲಿ ಸೈಕಲ್ ರೇಸೆಂದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳು. ವಿಜಯಪುರದಲ್ಲಿ ಕ್ರೀಡಾ ಇಲಾಖೆಯ ಸೈಕ್ಲಿಂಗ್ ನಿಲಯವೇ ಇದೆ. ಒಕ್ಕಲುಮನೆಗಳ ಹುಡುಗಿಯರು ಅಲ್ಲಿಂದ ದೇಶದ ತಂಡದವರೆಗೂ ಹೋಗಿದ್ದಾರೆ. ನನ್ನ ಬಿ.ಎಡ್. ಗೆಳತಿ ಅದೇ ಊರಿನಲ್ಲಿ ಟೀಚರ್. ಅವಳಿಗೆ ಫೋನು ಮಾಡಿ ಕಾಗದದಲ್ಲಿದ್ದದ್ದನ್ನೆಲ್ಲ ಓದಿದೆ. “ಇದೇನ ಗಣಿತದ ಲೆಕ್ಕ ಹಚ್ಚೀಯವಾ” ಎಂದು ನಕ್ಕಳು. ಆದರೆ ಎರಡೇ ದಿನದಲ್ಲಿ, ಹಿಂದೆ ರೇಸು ಓಡಿಸಿ ರೈಲ್ವೆಯಲ್ಲಿ ಕೆಲಸ ಹಿಡಿದು ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಒಬ್ಬರ ನಂಬರು ಕಳಿಸಿದಳು.

ಅವರು ಮೊದಲು ಕೇಳಿದ್ದು, “ತಂಗಿ ಎಷ್ಟು ಎತ್ತರ ಅದಾಳ್ರಿ?” ಎಂದು. ಆಮೇಲೆ ಹೇಳಿದರು, ಅವರ ಅಟ್ಟದ ಮೇಲೆ ಒಂದು ಗಾಡಿ ಇದೆ, ಹಿಂದಿನ ಗಾಲಿ ದೊಡ್ಡದು, ಮುಂದಿನದು ಚಿಕ್ಕದು. ಗಾಳಿ ಸೀಳಲು ಸವಾರ ಮುಂದಕ್ಕೆ ಬಗ್ಗಲಿ ಎಂದು ಒಂದು ಕಾಲದಲ್ಲಿ ಹಾಗೆ ಮಾಡುತ್ತಿದ್ದರಂತೆ. “ಈಗ ಅದು ರೇಸಿಗೆ ಬರಂಗಿಲ್ರಿ. 2000ದಿಂದ ಎರಡೂ ಗಾಲಿ ಒಂದೇ ಅಳತಿ ಇರಬೇಕಂತ ಕಾಯ್ದೆ ಆಗೇತಿ. ಸುಮ್ನ ಧೂಳ ತಿನ್ನಾಕತ್ತೇತಿ.” ಆ ಮುಂದಿನ ಗಾಲಿ 571. ಕಾಯ್ದೆ ಯಾವ ಸೈಕಲ್ಲನ್ನು ಅಟ್ಟ ಹತ್ತಿಸಿತೋ ಅದರ ಕವಲೇ ನಮಗೆ ಬೇಕಾದದ್ದು! ದುಡ್ಡು ಎಷ್ಟೆಂದು ಕೇಳಿದರೆ, “ಕಾಫಿಪುಡಿ ಕಳಸ್ರಿ ಸಾಕು” ಎಂದರು. ಎರಡು ಕಿಲೋ ಕಳಿಸಿದೆವು.

ಬಸ್ಸಿನ ಪಾರ್ಸೆಲ್ಲಿನಲ್ಲಿ ಫೋರ್ಕು ಮೈಸೂರಿಗೆ ಬಂದಾಗ ನಾನೂ ರಜೆ ಹಾಕಿ ಹೋದೆ. ಮೆಕ್ಯಾನಿಕ್ ತಕ್ಷಣ ಕೂರಿಸಲಿಲ್ಲ. ತುಕ್ಕು ಉಜ್ಜಿದರು, ಕವಲು ಸೇರುವ ಕಡೆಗೆಲ್ಲ ಸೀಮೆಎಣ್ಣೆ ಸವರಿದರು, ಒರೆಸಿ ಒಣಗಿಸಿದರು. “ಮೇಡಂ, ಚಾಕ್‌ಪೀಸ್ ಇದೆಯಾ?” ಟೀಚರ ಚೀಲದಲ್ಲಿ ಅದಕ್ಕೆ ಬರವೇ? ಪುಡಿ ಮಾಡಿ ಮೇಲೆಲ್ಲ ಹಚ್ಚಿದರು. ಕೂದಲೆಳೆಯಷ್ಟು ಬಿರುಕಿದ್ದರೂ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದಂತೆ. ಅರ್ಧ ಗಂಟೆ ನಾವು ಮೂವರೂ ಅದನ್ನೇ ನೋಡುತ್ತ ಕುಳಿತೆವು. ಗೆರೆ ಬರಲಿಲ್ಲ. ನಾನು ಫೋಟೋ ತೆಗೆದು ಹುಡುಗಿಯ ಅಮ್ಮನಿಗೆ ಕಳಿಸಿ, ಏನು, ಯಾಕೆ ಎಂದು ಫೋನಿನಲ್ಲಿ ಬಿಡಿಸಿ ಹೇಳಿದೆ. ಕೊಳವೆ ಒಂದು ಚೂರು ಉದ್ದವಿತ್ತು. ಎರಡು ವಾಷರು ಹಾಕಿ ಸರಿದೂಗಿಸಿದರು. ನೀಲಿ ಸೈಕಲ್ಲಿಗೆ ಕೆಂಪು ಕವಲು. ಹುಡುಗಿಗೆ ಅದೇ ಚೆಂದ ಕಂಡಿತು.

ಆಯ್ಕೆಯಲ್ಲಿ ಅವಳು ಐದನೆಯವಳಾದಳು, ತೆಗೆದುಕೊಂಡದ್ದು ಮೂವರನ್ನು. ಮೂರನೆಯವಳಿಗಿಂತ 40 ಸೆಕೆಂಡು ಹಿಂದೆ ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದು, ಮತ್ತೆ ಬೆಳಗಿನ ಜಾವ ಏಳತೊಡಗಿದಳು. ಅವಳ ಅಮ್ಮನಿಗೂ ಐದಕ್ಕೆ ಎಚ್ಚರವಾಗುವುದು ತಪ್ಪಿಲ್ಲ. ಮೊನ್ನೆ ಹಿಂದಿನ ಟಯರು ಸವೆದಿದೆಯೆಂದು ಸುದ್ದಿ ಬಂತು. ಅಂಗಡಿಗೆ ಫೋನು ಮಾಡಲು ನಾನು ಕನ್ನಡಕ ಹುಡುಕುತ್ತಿದ್ದೆ. ಒಳಗಿನಿಂದ ತಮ್ಮನ ಹೆಂಡತಿ ಕೂಗಿದಳು: “ಬರೀ 26 ಅನ್ಬೇಡಿ ಅತ್ತಿಗೆ, 571 ಅಂತ್ಲೇ ಹೇಳಿ.”