ಕಪ್ಪು ಕಿನ್ನರಿಯ ಕಥೆಯನ್ನು ನಾವು ಓದಿದ ಬಗೆ

ಕಾಸರಗೋಡಿನ ಕಡೆಯ ನಾವು ಏಳು ಮಂದಿ, ತಿಂಗಳ ಎರಡನೆಯ ಶನಿವಾರದ ಅಪರಾಹ್ನ ವಾಚನಾಲಯದ ಹಿಂಬದಿಯ ಕೋಣೆಯಲ್ಲಿ ಸೇರಿ, ಓದಿದ ಪುಸ್ತಕದ ಬಗ್ಗೆ ಮಾತಾಡುವ ಪದ್ಧತಿಯನ್ನು ಇಟ್ಟುಕೊಂಡು ಒಂಬತ್ತು ವರ್ಷಗಳಾದವು. ನಮ್ಮಲ್ಲಿ ನಾಲ್ವರು ನಿವೃತ್ತ ಅಧ್ಯಾಪಕರು, ಒಬ್ಬರು ನಿವೃತ್ತ ಪೋಸ್ಟ್ ಮಾಸ್ಟರರು, ಒಬ್ಬರು ವಾಚನಾಲಯದ ಮೇಲ್ವಿಚಾರಕರು, ಇನ್ನೊಬ್ಬರು ಈಗಲೂ ಸೇವೆಯಲ್ಲಿರುವ ಪ್ರಾಥಮಿಕ ಶಾಲೆಯ ಅಧ್ಯಾಪಿಕೆ. ಸ್ಮರಣ ಸಂಚಿಕೆಯ ಸಂಪಾದಕ ಮಿತ್ರರು ಲೇಖನ ಕೇಳಿದಾಗ, ಗಡಿನಾಡಿನ ಕನ್ನಡದ ಸ್ಥಿತಿಗತಿಯ ಕುರಿತೇ ನಾವು ಬರೆಯುವೆವೆಂದು ಅವರು ಭಾವಿಸಿದ್ದಿರಬೇಕು. 1956ರಿಂದ ಇಂದಿನವರೆಗಿನ ಆ ದುಃಖವನ್ನು ಹಿಂದಿನ ಸಂಚಿಕೆಗಳಲ್ಲಿ ಹೇಳಿಕೊಂಡಿದ್ದೇವೆ. ಇನ್ನು ಮುಂದೆಯೂ ಹೇಳಿಕೊಳ್ಳುವವರಿದ್ದೇವೆ. ಈ ಸಲ ಒಂದು ಇಂಗ್ಲಿಷ್ ಕಾದಂಬರಿ ನಮ್ಮ ಕೂಟದಲ್ಲಿ ಎಬ್ಬಿಸಿದ ಚರ್ಚೆಯನ್ನು ದಾಖಲಿಸುವ ಮನಸ್ಸಾಗಿದೆ.

ಪುಸ್ತಕವನ್ನು ತಂದವಳು ನಮ್ಮ ಗಣಿತದ ಮಾಷ್ಟ್ರ ಮೊಮ್ಮಗಳು. ಮಂಗಳೂರಿನಲ್ಲಿ ಪದವಿ ಓದುತ್ತಿರುವ ಹುಡುಗಿ. ರಜೆಯಲ್ಲಿ ಅಜ್ಜನೊಂದಿಗೆ ಕೂಟಕ್ಕೆ ಬಂದವಳು, ನಮ್ಮ ವರ್ಷದ ಪಟ್ಟಿಯನ್ನು ನೋಡಿ, "ಅಜ್ಜ, ನೀವೆಲ್ಲ ತೀರಿಹೋದವರ ಪುಸ್ತಕಗಳನ್ನೇ ಓದುತ್ತೀರಲ್ಲ!" ಎಂದಳು. ಪಟ್ಟಿಯನ್ನು ಮತ್ತೊಮ್ಮೆ ಪರಿಶೀಲಿಸಿದಾಗ ಅವಳ ಮಾತು ನಿಜವೆಂದು ತಿಳಿದುಬಂತು. ಮರುದಿನವೇ ಅವಳು ಅಂಚು ಸವೆದ ಒಂದು ಪುಸ್ತಕವನ್ನು ಕಳುಹಿಸಿದಳು: 'ಡಾಟರ್ ಆಫ್ ದ ಡ್ರೌ'. ಅಮೆರಿಕದ ಲೇಖಕಿ ಇಲೇನ್ ಕನ್ನಿಂಗ್‌ಹ್ಯಾಮ್ ಬರೆದು 1995ರಲ್ಲಿ ಪ್ರಕಟವಾದದ್ದು. ನಮ್ಮಲ್ಲಿ ನಾಲ್ವರು ಅದನ್ನು ಇಂಗ್ಲಿಷಿನಲ್ಲೇ ಓದಿದೆವು, ಮೊಬೈಲಿನ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು. ಉಳಿದವರಿಗೆ ಹುಡುಗಿಯೇ ಮೂರು ಬೈಠಕ್‌ಗಳಲ್ಲಿ ಕಥೆಯನ್ನು ಕನ್ನಡದಲ್ಲಿ ಹೇಳಿದಳು. ಓದಿದವರಿಗಿಂತ ಕೇಳಿದವರ ಅಭಿಪ್ರಾಯಗಳೇ ಹೆಚ್ಚು ಖಾರವಾಗಿದ್ದವು ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಕಥೆ ನಡೆಯುವುದು ಒಂದು ಕಲ್ಪಿತ ಲೋಕದಲ್ಲಿ. ಆ ಲೋಕ ಈ ಲೇಖಕಿ ಒಬ್ಬರದೇ ಅಲ್ಲ; 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದಲ್ಲಿ ಬಳಕೆಯಾಗುವ ಆ ಭೂಗೋಳದಲ್ಲಿ ಹತ್ತಾರು ಲೇಖಕರು ಕಥೆಗಳನ್ನು ಬರೆದಿದ್ದಾರೆ. ನಮಗೆ ಇದು ಹೊಸತೇನೂ ಅಲ್ಲ. ಕುಂಬಳೆಯ ಪಾರ್ತಿಸುಬ್ಬನೂ ಇತರ ಕವಿಗಳೂ ಒಂದೇ ಪುರಾಣಲೋಕದಿಂದ ತಮ್ಮ ತಮ್ಮ ಪ್ರಸಂಗಗಳನ್ನು ಕಟ್ಟಲಿಲ್ಲವೇ? ನೆಲದಡಿಯ ಮಹಾಗುಹೆಯೊಂದರಲ್ಲಿ ಮೆನ್ಜೊಬೆರಾನ್ಜಾನ್ ಎಂಬ ನಗರ. ಅಲ್ಲಿ ವಾಸಿಸುವವರು ಡ್ರೌಗಳು: ಕಪ್ಪು ಮೈ, ಬಿಳಿಯ ಕೂದಲು, ಕತ್ತಲೆಯಲ್ಲೂ ಕಾಣುವ ಕಣ್ಣು. ಆರಾಧನೆ ಲೋಲ್ತ್ ಎಂಬ ಜೇಡದೇವತೆಗೆ. ಜೇಡವನ್ನು ಕೊಂದವರಿಗೆ ಅಲ್ಲಿ ಮರಣದಂಡನೆ. ಆದರೆ ಒಂದು ಮನೆತನ ಇನ್ನೊಂದು ಮನೆತನವನ್ನು ರಾತ್ರಿ ಬೆಳಗಾಗುವುದರೊಳಗೆ ನಿರ್ನಾಮ ಮಾಡಿದರೆ, ದೂರು ಹೇಳಲು ಆ ಮನೆಯವರು ಯಾರೂ ಉಳಿಯದಿದ್ದ ಪಕ್ಷದಲ್ಲಿ, ಅದು ಅಪರಾಧವೇ ಅಲ್ಲ. ಆಳುವವರು ಸ್ತ್ರೀಯರು, ಅರ್ಚಕಿಯರೂ ಅವರೇ. ಇಂಥ ನಗರದ ಮೊದಲ ಮನೆತನದಲ್ಲಿ ಹುಟ್ಟಿದ ಲಿರಿಯಲ್ ಎಂಬ ತರುಣಿಯೇ ಕಥಾನಾಯಕಿ. ತಂದೆ ನಗರದ ಮಹಾಮಾಂತ್ರಿಕ. ಹುಡುಗಿಗೆ ಮಂತ್ರವಿದ್ಯೆಯಲ್ಲಿ ಆಸಕ್ತಿ. ಮನೆತನದ ಹಿರಿಯರು ಅವಳನ್ನು ಅರ್ಚಕಿಯರ ವಿದ್ಯಾಲಯಕ್ಕೆ ಅಟ್ಟುತ್ತಾರೆ. ಅವಳಿಗೆ ಬೇಕಾದುದು ಮೇಲಿನ ಭೂಮಿ, ನಕ್ಷತ್ರ, ಗಾಳಿ. ಆದರೆ ಡ್ರೌಗಳ ಹುಟ್ಟುಮಂತ್ರ ಸೂರ್ಯನ ಬೆಳಕಿನಲ್ಲಿ ನಶಿಸಿಹೋಗುತ್ತದೆ. ಆ ಶಕ್ತಿಯನ್ನು ತನ್ನೊಡನೆ ಮೇಲಕ್ಕೆ ಒಯ್ಯಲು ಅನುಕೂಲವಾಗುವ ಒಂದು ತಾಯಿತಕ್ಕಾಗಿ ಅವಳು ಹೊರಡುತ್ತಾಳೆ. ಅದೇ ತಾಯಿತವನ್ನು ಹುಡುಕುತ್ತ ಫ್ಯೋದೊರ್ ಎಂಬ ಮನುಷ್ಯ ಯೋಧನೊಬ್ಬ ಎದುರಾಗುತ್ತಾನೆ. ಯುದ್ಧಾವೇಶ ಬಂತೆಂದರೆ ತನ್ನನ್ನು ತಾನು ತಡೆದುಕೊಳ್ಳಲಾರದವನು ಅವನು.

ಮೊದಲ ಬೈಠಕ್ ಪೂರ್ತಿ ಒಂದೇ ಪದಕ್ಕೆ ಖರ್ಚಾಯಿತು. 'ಎಲ್ಫ್' ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಪೋಸ್ಟ್ ಮಾಸ್ಟರರು ಯಕ್ಷನೆಂದರು. ಕನ್ನಡ ಪಂಡಿತರು ಒಪ್ಪಲಿಲ್ಲ. ಯಕ್ಷನೆಂದೊಡನೆ ಕುಬೇರನೂ ನಿಧಿಯೂ ನೆನಪಾಗುತ್ತವೆ, ಕಿನ್ನರನೇ ಸರಿ ಎಂದರು. ಕಿನ್ನರರಿಗೆ ಕುದುರೆಯ ಮುಖವಲ್ಲವೇ ಎಂದು ಗಣಿತದ ಮಾಷ್ಟ್ರು ಆಕ್ಷೇಪಿಸಿದರು. ಮಕ್ಕಳ ಕಥೆಗಳಲ್ಲಿ ಕಿನ್ನರಿ ಎಂದೇ ರೂಢಿಯಾಗಿರುವುದರಿಂದ ಕಡೆಗೆ 'ಕಪ್ಪು ಕಿನ್ನರಿ' ಎಂದು ನಿಶ್ಚಯವಾಯಿತು. ಹುಡುಗಿ ನಮ್ಮ ನಿರ್ಣಯವನ್ನು ನಗುತ್ತ ಕೇಳಿ, ಕೊನೆಯವರೆಗೂ 'ಡ್ರೌ' ಎಂದೇ ಹೇಳಿದಳು.

ಅಭಿಪ್ರಾಯಗಳು ಒಂದೊಂದು ದಿಕ್ಕಿಗೆ ಹೋದವು. ಪೋಸ್ಟ್ ಮಾಸ್ಟರರಿಗೆ ಲಿರಿಯಲ್ ಬಹಳ ಮೆಚ್ಚುಗೆಯಾದಳು. ತುಂಟಿ, ಕುತೂಹಲದ ಕಣಜ, ಅಪಾಯವನ್ನು ಆಟವೆಂದು ತಿಳಿಯುವವಳು. ಅವಳಿಲ್ಲದ ಪುಟಗಳನ್ನು ತಾವು ಹಾರಿಸಿದೆವೆಂದು ನಿಸ್ಸಂಕೋಚವಾಗಿ ಒಪ್ಪಿಕೊಂಡರು. ಗಣಿತದ ಮಾಷ್ಟ್ರಿಗೆ ನಂಬಿಕೆಯ ಪ್ರಶ್ನೆ. ಹುಟ್ಟಿದಂದಿನಿಂದ ವಿಷಪ್ರಾಶನ, ಕೊಲೆ, ವಂಚನೆಗಳ ನಡುವೆ ಬೆಳೆದವಳಲ್ಲಿ ಇಷ್ಟೊಂದು ಉಲ್ಲಾಸ ಎಲ್ಲಿಂದ ಬರಬೇಕು? ಲೆಕ್ಕದಲ್ಲಿ ಮಧ್ಯದ ಹಂತಗಳನ್ನು ತೋರಿಸದೆ ಉತ್ತರ ಬರೆದಂತಾಯಿತು ಎಂದರು. ಮೇಲ್ವಿಚಾರಕರು, ಅದೃಷ್ಟ ಇವಳ ಮೇಲೆ ಅತಿಯಾಗಿ ಒಲಿದಿದೆ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರು. ಹಿಂದಿ ಟೀಚರಿಗೆ ರುಚಿಸಿದ್ದು ಬೇರೆಯೇ. ಲಿರಿಯಲ್ ಒಮ್ಮೆಲೇ ಸಾಧ್ವಿಯಾಗಿಬಿಡುವುದಿಲ್ಲ. ಸುಳ್ಳು ಹೇಳುತ್ತಾಳೆ, ತನಗೆ ಬೇಕಾದುದನ್ನು ಕಸಿಯುತ್ತಾಳೆ, ಸ್ನೇಹವೆಂದರೆ ಏನೆಂದು ತಿಳಿಯದೆ ತಡವರಿಸುತ್ತಾಳೆ. "ಒಳ್ಳೆಯತನದ ಅಕ್ಷರಾಭ್ಯಾಸ ಮಾಡುವ ಹುಡುಗಿ ಅವಳು; ಅಷ್ಟು ಬೇಗ ಕಾಗುಣಿತ ಬರಬೇಕೆಂದರೆ ಹೇಗೆ?" ಎಂಬ ಅವರ ಮಾತನ್ನು ನಾವು ಗುರುತು ಹಾಕಿಕೊಂಡೆವು.

ಸ್ತ್ರೀಯರು ಆಳುವ ನಗರದ ವಿಚಾರ ಬಂದಾಗ, ಅಳಿಯಸಂತಾನದ ಮನೆಯಲ್ಲಿ ಬೆಳೆದ ಗಣಿತದ ಮಾಷ್ಟ್ರು ಪುನಃ ಬಾಯಿ ತೆರೆದರು. ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತಿತ್ತು, ಕುಟುಂಬದ ಹೆಸರೂ ತಾಯಿಯ ಕಡೆಯದೇ. ಕೀಲಿಕೈ ಮಾತ್ರ ಸೋದರಮಾವನ ಸೊಂಟದಲ್ಲಿರುತ್ತಿತ್ತು ಎಂದರು. ಈ ಕಾದಂಬರಿಯಲ್ಲಿ ಕೀಲಿಕೈಯೂ ಹೆಂಗಸರಲ್ಲೇ ಇದೆ, ಆದರೂ ನಗರ ನರಕವೇ ಆಗಿದೆಯಲ್ಲ ಎಂದು ಕೇಳಿದ್ದಕ್ಕೆ ಹಿಂದಿ ಟೀಚರ್, "ಬರೆದವರಿಗೆ ಅಧಿಕಾರವೆಂದರೆ ಹೀಗೇ ಇರುತ್ತದೆಂದು ಗೊತ್ತಿದೆ" ಎಂದಷ್ಟೇ ನುಡಿದು ಚಹಾದ ಲೋಟವನ್ನು ಎತ್ತಿಕೊಂಡರು.

ಮೂರನೆಯ ಬೈಠಕ್‌ನಲ್ಲಿ ಬಣ್ಣದ ಪ್ರಶ್ನೆ ಎದ್ದಿತು. ದುಷ್ಟರೆಲ್ಲ ಕಪ್ಪಗೇ ಏಕಿರಬೇಕು? ಹುಡುಗಿ ಚೆನ್ನಾಗಿಯೇ ಓದಿಕೊಂಡಿದ್ದಳು. ಹದಿಮೂರನೆಯ ಶತಮಾನದ ಐಸ್‌ಲ್ಯಾಂಡಿನ ಸ್ನೊರ್ರಿ ಸ್ಟುರ್ಲುಸನ್ ತನ್ನ ಎಡ್ಡಾ ಗ್ರಂಥದಲ್ಲಿ, ಬೆಳಕಿನ ಎಲ್ಫ್‌ಗಳು ಸೂರ್ಯನಿಗಿಂತ ಚೆಲುವರೆಂದೂ, ನೆಲದೊಳಗಿನವರು ಡಾಂಬರಿಗಿಂತ ಕಪ್ಪೆಂದೂ ಹೇಳಿದ್ದಾನಂತೆ. ಟೋಲ್ಕಿನ್ನರ ಲೋಕದಲ್ಲಿಯೂ 'ಕತ್ತಲೆಯ ಎಲ್ಫ್‌ಗಳು' ಇದ್ದಾರೆ. ಅಲ್ಲಿ ಅದು ಮೈಬಣ್ಣದ ಮಾತಲ್ಲ, ದಿವ್ಯವೃಕ್ಷಗಳ ಬೆಳಕನ್ನು ಕಾಣದವರು ಎಂದರ್ಥ. ಡ್ರೌಗಳನ್ನು 1970ರ ದಶಕದ ಉತ್ತರಾರ್ಧದಲ್ಲಿ ಆಟದೊಳಗೆ ತಂದವರು ಗ್ಯಾರಿ ಗೈಗ್ಯಾಕ್ಸ್. ಒಂದು ಕುಲಕ್ಕೆ ಕುಲವೇ ಹುಟ್ಟಿನಿಂದ ಕೆಟ್ಟದ್ದು, ಅದರ ಗುರುತು ಕಪ್ಪು ಮೈ ಎಂಬ ಕಲ್ಪನೆಗೆ ಆಕ್ಷೇಪಗಳು ಬೆಳೆದು, 2020ರಲ್ಲಿ ಪ್ರಕಾಶಕ ಸಂಸ್ಥೆಯೇ ಡ್ರೌಗಳನ್ನು ಇನ್ನು ಮುಂದೆ ಇತರ ಜನರಂತೆ ಒಳಿತು ಕೆಡುಕುಗಳೆರಡೂ ಉಳ್ಳವರಾಗಿ ಚಿತ್ರಿಸುವುದಾಗಿ ಸಾರಿತು. ಇಷ್ಟನ್ನೂ ಅವಳು ಯಾವ ಚೀಟಿಯನ್ನೂ ನೋಡದೆ ಹೇಳಿದಳು.

ಆಗ ನಮ್ಮ ಕನ್ನಡ ಪಂಡಿತರು ಉತ್ಸಾಹದಿಂದ ನಮ್ಮ ಯಕ್ಷಗಾನದ ಪರವಾಗಿ ನಿಂತರು. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಗಂಟೆಗಟ್ಟಲೆ ಚಿಟ್ಟಿ ಇಡುತ್ತಾರೆ. ಅಜಮುಖಿ, ಪೂತನಿ, ಶೂರ್ಪನಖಿಯರ ಹೆಣ್ಣುಬಣ್ಣಕ್ಕೂ ಮುಖದ ತುಂಬ ಬರವಣಿಗೆಯಿರುತ್ತದೆ. ವೇಷಧಾರಿಯ ಸ್ವಂತ ಚರ್ಮದ ಬಣ್ಣ ಯಾರಿಗೂ ಕಾಣುವುದೇ ಇಲ್ಲ. ಅದೇ ಶೂರ್ಪನಖಿ ಮಾಯಾರೂಪ ತಾಳಿ ರಾಮನೆದುರು ಬರುವಾಗ ಸುಂದರಿಯಾಗಿ ಕುಣಿಯುತ್ತಾಳೆ. ನಮ್ಮ ರಾಮನೂ ಶ್ಯಾಮಲ, ಕೃಷ್ಣನೂ ಶ್ಯಾಮಲ. ಆದ್ದರಿಂದ ಈ ರೋಗ ಪಾಶ್ಚಾತ್ಯರದು, ನಮ್ಮದಲ್ಲ ಎಂದು ಅವರು ತೀರ್ಪಿತ್ತರು. ನಾವೆಲ್ಲರೂ ತಲೆದೂಗಿದೆವು.

ಅಲ್ಲಿಯ ತನಕ ಹೆಚ್ಚು ಮಾತಾಡದೆ ಕುಳಿತಿದ್ದವರು ನಮ್ಮ ಪ್ರಾಥಮಿಕ ಶಾಲೆಯ ಅಧ್ಯಾಪಿಕೆ. ಅವರು ನಮ್ಮಲ್ಲಿ ಮೂವರ ಹಳೆಯ ವಿದ್ಯಾರ್ಥಿನಿಯೂ ಹೌದು. "ಮಾಷ್ಟ್ರೇ, ಎಂಟನೆಯ ಕ್ಲಾಸಿನಲ್ಲಿ ನನಗೆ ಕೊಟ್ಟ ಪಾತ್ರ ನಿಮಗೆ ನೆನಪುಂಟೋ?" ಎಂದು ಮೆಲ್ಲಗೆ ಕೇಳಿದರು.

ನೆನಪಿತ್ತು. ಸುಮಾರು ನಲ್ವತ್ತು ವರ್ಷಗಳ ಹಿಂದೆ, ಶಾಲಾ ವಾರ್ಷಿಕೋತ್ಸವಕ್ಕೆ ಮಹಾಭಾರತದ ಕಥೆಯ ನಾಟಕವೊಂದನ್ನು ನಾವು ಆಡಿಸಿದ್ದೆವು. ಇಡೀ ತರಗತಿಯಲ್ಲಿ ಇವರದಷ್ಟು ಸ್ಪಷ್ಟವಾದ ಉಚ್ಚಾರ, ಇವರದಷ್ಟು ತುಂಬಿದ ಕಂಠ ಬೇರೆ ಯಾರಿಗೂ ಇರಲಿಲ್ಲ. ದ್ರೌಪದಿಯ ಪಾತ್ರಕ್ಕೆ ಅಂಥ ಕಂಠವೇ ಬೇಕಾಗಿತ್ತು. ನಾವು ಅವರಿಗೆ ಹಿಡಿಂಬೆಯನ್ನು ಕೊಟ್ಟೆವು. ದ್ರೌಪದಿಯನ್ನು ಬೆಳ್ಳಗಿನ ಬೇರೊಬ್ಬ ಹುಡುಗಿಗೆ ಕೊಟ್ಟೆವು. ಪಾಪ, ಅವಳು ಮೂರು ಕಡೆ ಮಾತು ಮರೆತಳು. ದ್ರೌಪದಿಯ ಮೈಬಣ್ಣ ಕಪ್ಪು, ಅದರಿಂದಲೇ ಅವಳಿಗೆ ಕೃಷ್ಣೆ ಎಂಬ ಹೆಸರು ಬಂತು ಎಂಬುದು ನಮಗೆ ತಿಳಿಯದ ಸಂಗತಿಯೇ? ಅದೇ ವರ್ಷ ಅದೇ ತರಗತಿಗೆ ಅದನ್ನು ಪಾಠವಾಗಿ ಹೇಳಿದವರು ನಾವೇ. ಈ ಲೇಖನದುದ್ದಕ್ಕೂ 'ನಾವು' ಎಂದು ಬರೆಯುತ್ತ ಬಂದಿದ್ದೇವೆ, ಅದು ಹಳೆಯ ಅಭ್ಯಾಸ. ಆದರೆ ಆ ಪಾತ್ರಪಟ್ಟಿ ಯಾರ ಅಕ್ಷರದಲ್ಲಿತ್ತೆಂಬುದನ್ನು ಆ ಪದದ ಮರೆಯಲ್ಲಿ ಬಚ್ಚಿಡುವುದು ಸಲ್ಲದು. ಮುಖ್ಯೋಪಾಧ್ಯಾಯ ಹುದ್ದೆಗೆ ಬರುವ ಮುಂಚೆ ಶಾಲೆಯ ನಾಟಕಗಳ ಹೊಣೆ ಇದ್ದುದು ಈ ಲೇಖಕನ ಮೇಲೆಯೇ.

"ಪಾತ್ರದ ಬಗ್ಗೆ ಬೇಸರವಿಲ್ಲ," ಎಂದರು ಟೀಚರ್. "ಗದೆ ಹಿಡಿದು ರಂಗಕ್ಕೆ ನುಗ್ಗಿದಾಗ ಬಂದಷ್ಟು ಚಪ್ಪಾಳೆ ದ್ರೌಪದಿಗೆ ಬರಲಿಲ್ಲ. ಆದರೆ ಚೌಕಿಯಲ್ಲಿ ಎಲ್ಲರಿಗೂ ಬಣ್ಣ ಹಾಕುವಾಗ ನಾನೂ ಮುಖ ಒಡ್ಡಿ ನಿಂತಿದ್ದೆ. 'ನಿನಗೆ ಬಣ್ಣ ಬೇಕಾಗಿಲ್ಲ' ಎಂದಿರಿ. ಎಲ್ಲರೂ ನಕ್ಕರು. ಪಂಡಿತರು ಈಗ ಹೇಳಿದರಲ್ಲ, ಬಣ್ಣದ ವೇಷದಲ್ಲಿ ಚರ್ಮ ಕಾಣುವುದಿಲ್ಲ ಎಂದು. ನನ್ನದು ಕಂಡಿತ್ತು."

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಆ ಮಾತನ್ನು ಆಡಿದ್ದು ನಮಗೆ ನೆನಪೇ ಇರಲಿಲ್ಲ. ಹಾಗೆ ಹೇಳಿದರೆ ಅದು ಇನ್ನೂ ಕೆಟ್ಟದ್ದೆಂದು ತೋರಿ, ತಪ್ಪಾಯಿತೆಂದಷ್ಟೇ ಹೇಳಿದೆವು. ಅವರು ಕೈಯಾಡಿಸಿ, "ಅದಿರಲಿ ಮಾಷ್ಟ್ರೇ, ಪುಸ್ತಕದ ಮಾತಿಗೆ ಬರೋಣ" ಎಂದು ನಮ್ಮನ್ನು ಪಾರುಮಾಡಿದರು. ಶಿಷ್ಯೆಯಿಂದ ಇಂಥ ದಾಕ್ಷಿಣ್ಯವನ್ನು ಪಡೆಯುವುದು ಸುಲಭವಲ್ಲ.

ಪುಸ್ತಕದ ಬಗ್ಗೆ ಅವರ ಅಭಿಪ್ರಾಯ ಎಲ್ಲರದಕ್ಕಿಂತ ತೀಕ್ಷ್ಣವಾಗಿತ್ತು. ಲಿರಿಯಲ್ ಒಳ್ಳೆಯವಳೆಂದು ತೋರಿಸಬೇಕಾದರೆ ಅವಳನ್ನು ತನ್ನವರಿಂದ ಬಿಡಿಸಿ ಮೇಲಕ್ಕೆ ತರಲೇಬೇಕೇ? ಅಲ್ಲೇ ಇದ್ದು ಒಳ್ಳೆಯವಳಾಗಲು ಆ ಊರಿನಲ್ಲಿ ಜಾಗವಿಲ್ಲವೆಂದರೆ, ಉಳಿದ ಸಾವಿರಾರು ಹುಡುಗಿಯರ ಗತಿಯೇನು? 'ಇವಳೊಬ್ಬಳು ಹಾಗಲ್ಲ' ಎಂದು ಹೊಗಳುವುದು, ಉಳಿದವರೆಲ್ಲ ಹಾಗೆಯೇ ಎಂದು ಬೈದಂತೆಯೇ ಅಲ್ಲವೇ? ತಾನು ಇಂಥ ಹೊಗಳಿಕೆಯನ್ನು ಬೇಕಾದಷ್ಟು ಕೇಳಿದ್ದೇನೆ ಎಂದರು.

ಹುಡುಗಿ ಸುಮ್ಮನಿರಲಿಲ್ಲ. "ಟೀಚರ್, ಮೇಲೆ ಕಾಡಿನಲ್ಲಿ ಬೆಳದಿಂಗಳಿನಲ್ಲಿ ನರ್ತಿಸುವ ಅರ್ಚಕಿಯರೂ ಡ್ರೌಗಳೇ. ಐಲಿಸ್ಟ್ರೇ ಎಂಬ ಬೇರೆ ದೇವಿಯ ಭಕ್ತೆಯರು. ಲಿರಿಯಲ್ ಒಬ್ಬಳೇ ಅಲ್ಲ. ಮತ್ತೆ ಅವಳು ತನ್ನ ಕತ್ತಲೆಯ ಶಕ್ತಿಯನ್ನು ಬಿಟ್ಟು ಬರಲು ಒಪ್ಪುವುದಿಲ್ಲ. ಅದನ್ನು ಜೊತೆಗೆ ತರುವುದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಓಡಾಟ?" ಎಂದಳು. ಟೀಚರ್ ಸ್ವಲ್ಪ ಹೊತ್ತು ಯೋಚಿಸಿ, ತಾಯಿತದ ಭಾಗವನ್ನು ಮತ್ತೊಮ್ಮೆ ಓದುತ್ತೇನೆ ಎಂದು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ನಮ್ಮ ಮಟ್ಟಿಗೆ ಹೇಳುವುದಾದರೆ, ಕಾದಂಬರಿಯ ಭಾಷೆ ಸಾಧಾರಣ, ಹೊಡೆದಾಟ ಅತಿಯಾಯಿತು. ಆದರೆ ಬೆಳಕಿಗೆ ಬಂದೊಡನೆ ತನ್ನದೆಂಬುದೆಲ್ಲ ಕರಗಿಹೋಗುವ ಭಯವುಳ್ಳ ಹುಡುಗಿಯ ಚಿತ್ರ ನಿಜವಾದದ್ದು. ಮನೆಯ ಭಾಷೆಯೊಂದು, ಶಾಲೆಯ ಭಾಷೆಯೊಂದು, ಕಚೇರಿಯ ಭಾಷೆ ಮತ್ತೊಂದು ಆಗಿರುವ ಈ ನೆಲದಲ್ಲಿ ಪಾಠ ಹೇಳಿದ ನಮಗೆ ಆ ಭಯದ ಪರಿಚಯವಿದೆ.

ಮನೆಗೆ ಬಂದು ಹಳೆಯ ಪೆಟ್ಟಿಗೆಯಲ್ಲಿ ಆ ವಾರ್ಷಿಕೋತ್ಸವದ ಫೋಟೊವನ್ನು ಹುಡುಕಿದೆವು. ಒಂದು ಮೂಲೆ ಗೆದ್ದಲಿಗೆ ಹೋಗಿದೆ. ಹಿಂಬದಿಯಲ್ಲಿ ನಮ್ಮದೇ ಅಕ್ಷರದಲ್ಲಿ ಮಕ್ಕಳ ಹೆಸರುಗಳಿವೆ. ಹಿಡಿಂಬೆ ಕೊನೆಯ ಸಾಲಿನ ಅಂಚಿನಲ್ಲಿ, ಗದೆಯನ್ನು ಭುಜದ ಮೇಲಿಟ್ಟು, ಹಲ್ಲು ಕಾಣುವಂತೆ ನಗುತ್ತ ನಿಂತಿದ್ದಾಳೆ. ಫೋಟೊವನ್ನು ಟೀಚರಿಗೆ ಕೊಡಬೇಕೋ ಬೇಡವೋ ಎಂದು ನಮ್ಮ ಮನೆಯವರನ್ನು ಕೇಳಿದೆವು. "ಕೊಡಿ, ಅದು ಅವಳದಲ್ಲವೇ?" ಎಂದರು. ಮುಂದಿನ ಶನಿವಾರ ಕೊಟ್ಟೆವು. ಅವರು ಬಹಳ ಹೊತ್ತು ನೋಡಿ, ಗದೆ ಯಾರ ಮನೆಯದೆಂದು ಗುರುತು ಹಿಡಿದರು.

ಈ ಸಲದ ಸಮ್ಮೇಳನದಲ್ಲಿ ಮಕ್ಕಳ ನಾಟಕದ ನಿರ್ದೇಶನ ಅವರದೇ. ಪಾತ್ರಗಳನ್ನು ಹಂಚುವ ದಿನ ನಮ್ಮನ್ನೂ ಬರಹೇಳಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆವು. ಮಕ್ಕಳಿಗೆಲ್ಲ ಕಣ್ಣು ಮುಚ್ಚಿಕೊಳ್ಳಲು ಹೇಳಿ, ತಾವೂ ಗೋಡೆಯ ಕಡೆ ಮುಖ ಮಾಡಿ ನಿಂತು, ಒಬ್ಬೊಬ್ಬರಿಂದ ನಾಲ್ಕು ಸಾಲು ಓದಿಸಿದರು. ಕಾದಂಬರಿಯ ಎರಡನೆಯ ಭಾಗವನ್ನು ಹುಡುಗಿ ಮಂಗಳೂರಿನಿಂದ ತಂದುಕೊಟ್ಟಿದ್ದಾಳೆ. ಸದ್ಯ ಅದು ಹಿಂದಿ ಟೀಚರ ಬಳಿ ಇದೆ. ಅವರ ನಂತರದ ಸರದಿ ನಮ್ಮದು.