ಡಬ್ಬಿಯ ಮೇಲಿನ ಅಂಕೆ

ಇಂಡಿಯಲ್ಲಿರುವ ನಮ್ಮ ನಿಂಬೆಯ ತೋಟದ ಲೆಕ್ಕವೆಲ್ಲವೂ 2010ರಲ್ಲಿ ಕೊಂಡ ಲ್ಯಾಪ್‌ಟಾಪಿನಲ್ಲಿರುವುದು. ಅದು ತೆರೆಯುವಷ್ಟರಲ್ಲಿ ಚಹಾ ಕುದಿದು ಆರುತ್ತಿದ್ದಿತು. ಕಳೆದ ತಿಂಗಳು ಸಿಂದಗಿಯ ತರುಣ ವ್ಯಾಪಾರಿಯೊಬ್ಬನು ಹಳೆಯ ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌ಎಸ್‌ಡಿಯನ್ನು ಕೂಡಿಸಿಕೊಟ್ಟನು. ಡಬ್ಬಿಯ ಮೇಲೆ ಸೆಕೆಂಡಿಗೆ 550 ಮೆಗಾಬೈಟ್ ಎಂದಿದ್ದಿತು. ಮನೆಯಲ್ಲಿ ಅಳೆದರೆ 190! ಮರುದಿನವೇ ಅಂಗಡಿಗೆ ಹೋಗಿ, “ನಕಲಿ ಮಾಲು ಕೊಟ್ಟೆಯಲ್ಲ, ತಮ್ಮಾ!” ಎಂದು ನಾಲ್ವರು ಗಿರಾಕಿಗಳೆದುರಿಗೆ ಗದರಿಸಿ ಬಂದೆನು.

ವಾರದ ಮೇಲೆ ಮುದ್ದೇಬಿಹಾಳದಿಂದ ನನ್ನ ಸೋದರಳಿಯನು ಬಂದನು. ಅವನು ಶೋಧಿಸಿದುದು ಎಸ್‌ಎಸ್‌ಡಿಯನ್ನಲ್ಲ, ಲ್ಯಾಪ್‌ಟಾಪನ್ನು. “ಮಾಮಾ, ಇದರೊಳಗಿನ ಸಾಟಾ ದಾರಿ ಎರಡನೆಯ ಪೀಳಿಗೆಯದು, 3 ಗಿಗಾಬಿಟ್ಟಿನದು” ಎಂದನು. ಎಂಟು ಬಿಟ್ಟಿನ ಬೈಟು ಆ ದಾರಿಯಲ್ಲಿ ಹತ್ತು ಬಿಟ್ಟುಗಳಾಗಿ ಸಾಗುವುದರಿಂದ 300 ಮೆಗಾಬೈಟೇ ಅದರ ಪರಮಾವಧಿ. ಡಬ್ಬಿಯ ಅಂಕೆಗೆ 6 ಗಿಗಾಬಿಟ್ಟಿನ ದಾರಿ ಬೇಕು. ಸಾಲದುದಕ್ಕೆ ಬಯಾಸಿನಲ್ಲಿ ಐಡಿಇ ಎಂಬ ಹಳೆಯ ಪದ್ಧತಿಯೇ ಉಳಿದಿದ್ದಿತು. ಮೊದಲು ವಿಂಡೋಸನ್ನು ಅಣಿಗೊಳಿಸಿ (ಇಲ್ಲವಾದರೆ ಯಂತ್ರವು ಮೇಲೇಳದೆ ಹೋದೀತು) ಅವನು ಅದನ್ನು ಎಎಚ್‌ಸಿಐಗೆ ಬದಲಿಸಿದನು. 265 ಬಂದಿತು. ಈಗ ಚಹಾ ಸೋಸುವ ಮೊದಲೇ ಲೆಕ್ಕವು ಕಣ್ಣೆದುರಿಗಿರುತ್ತದೆ.

ಆಡಿದ ಮಾತು ಮಾತ್ರ ಎದೆಯಲ್ಲಿ ಚುಚ್ಚುತ್ತಿದ್ದಿತು. ಬಸ್ಸು ಹತ್ತಿ ಸಿಂದಗಿಗೆ ಹೋದೆನು. ಗಿರಾಕಿಗಳೆದುರಿಗೇ ತಪ್ಪೊಪ್ಪಿಕೊಳ್ಳಬೇಕೆಂದು ಹೋದವನಿಗೆ ಅಂದು ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಕಾಣಲಿಲ್ಲ. “ಇರಲಿ ಬಿಡ್ರಿ, ಕಾಕಾ, ಕೂಡ್ರಿ” ಎಂದು ಅವನು ಚಹಾ ತರಿಸಿದನು. ಅಂದು ಕೇಳಿಸಿಕೊಂಡ ಆ ನಾಲ್ವರು ಯಾರೆಂಬುದು ಅವನಿಗೂ ನೆನಪಿರಲಿಲ್ಲ.