ನ್ಯಾಮತಿಯಿಂದ ಜಗಳೂರಿಗೆ

ನ್ಯಾಮತಿಯಿಂದ ಹೊರಟ ನಮ್ಮ ಪಿಕಪ್ ವಾಹನವು ಹೊನ್ನಾಳಿಯಲ್ಲಿ ತುಂಗಭದ್ರೆಯನ್ನು ದಾಟಿ, ಚನ್ನಗಿರಿಯ ಅಡಿಕೆ ತೋಟಗಳ ನಡುವೆ ಸಾಗಿತು. ದಾಸೋಹದ ಅಕ್ಕಿ ಮೂಟೆಗಳು ಬಯಲುಸೀಮೆಯ ಜಗಳೂರನ್ನು ಸೇರಬೇಕಿತ್ತು. ಚಾಲಕರು ಊರೂರಿಗೆ ನಿಲ್ಲಿಸಿ, ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಶಿಯಲ್‌ನ ಶಾಖವನ್ನು ಮುಟ್ಟದೆಯೇ ಅಳೆಯುವ ಉಷ್ಣಮಾಪಕದಿಂದ ನೋಡುತ್ತಿದ್ದರು.

ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಈ ವ್ಯತ್ಯಾಸವನ್ನು ಸರಿದೂಗಿಸುವ ಹಲ್ಲುಚಕ್ರಗಳು ಗೇರ್ ಆಯಿಲ್‌ನಲ್ಲಿ ಮುಳುಗಿ ತಿರುಗುತ್ತವೆ. ಭಾರ ಮಿತಿಮೀರಿದರೆ, ಆಯಿಲ್ ತಗ್ಗಿದರೆ, ಬೇರಿಂಗ್ ಸವೆದರೆ ಶಾಖವೇರುತ್ತದೆ. ಅತಿಯಾಗಿ ಕಾದ ಆಯಿಲ್ ತೆಳುವಾಗಿ ಹಲ್ಲುಗಳನ್ನು ಕಾಯಲಾರದು.

ಚನ್ನಗಿರಿಯಲ್ಲಿ 65 ಡಿಗ್ರಿ ಇದ್ದ ಶಾಖ ದಾವಣಗೆರೆ ದಾಟುವಾಗ 100ಕ್ಕೇರಿತು. ವಾಹನವನ್ನು ತಣಿಯಗೊಟ್ಟು ಬಿರಡೆ ಬಿಚ್ಚಲಾಗಿ, ಆಯಿಲ್ ರಂಧ್ರದ ಕೆಳಅಂಚಿಗಿಂತ ಬಹಳ ತಗ್ಗಿತ್ತು, ಸೀಲಿನಿಂದ ಸೋರಿಹೋಗಿತ್ತು. ಆಯಿಲ್ ತುಂಬಿಸಿ, ಅರ್ಧದಷ್ಟು ಮೂಟೆಗಳನ್ನು ಬೇರೊಂದು ವಾಹನಕ್ಕೆ ಏರಿಸಿ ಮುಂದುವರಿದೆವು. ಅಲ್ಲಿಯೇ ಕೆಟ್ಟು ನಿಂತಿದ್ದರೆ ಅಂದಿನ ದಾಸೋಹಕ್ಕೆ ಅಕ್ಕಿ ತಲುಪುತ್ತಿರಲಿಲ್ಲ.

ಒಂದು ಅಂಕಿಯಿಂದಲೇ ಏನನ್ನೂ ನಿರ್ಣಯಿಸಲಾಗದು. ಅದೇ ಭಾರ, ಅದೇ ದಾರಿಯಲ್ಲಿ ಶಾಖವು ಎಂದಿಗಿಂತ ಹೆಚ್ಚಾದುದೇ ಎಚ್ಚರಿಕೆ. ಮನೆಯಲ್ಲಿ ಪಿಕಪ್ ಉಳ್ಳವರು ಪ್ರತಿ ಪ್ರಯಾಣದ ಅಂಕಿಯನ್ನು ಬರೆದಿಡುವುದು ಲೇಸು.